ಮೇಣದ ಒಲೆಯ ಹಳ್ಳಿ: ಚೋಳಮಂಡಲ ಕಲಾವಿದರ ಒಂದು ಪ್ರಕರಣ ಅಧ್ಯಯನ

ಕೆ.ಸಿ.ಎಸ್. ಪಣಿಕ್ಕರ್ 1957ರಲ್ಲಿ ಮದರಾಸಿನ ಸರ್ಕಾರಿ ಕಲಾಶಾಲೆಗೆ ಪ್ರಾಂಶುಪಾಲರಾದರು. ಆಮೇಲಿನ ವರ್ಷಗಳಲ್ಲಿ ಅವರನ್ನು ಒಂದು ಸಂಗತಿ ಬಿಡದೆ ಕಾಡಿತು. ಕಣ್ಣೆದುರೇ ಕೈ ಪಳಗಿದ ಹುಡುಗರು ಡಿಪ್ಲೊಮಾ ಹಿಡಿದು ಹೊರಗೆ ಹೋಗುತ್ತಿದ್ದರು. ಸ್ವಲ್ಪ ಕಾಲ ಬಿಟ್ಟು ನೋಡಿದರೆ ಅವರಲ್ಲಿ ಎಷ್ಟೋ ಮಂದಿ ಚಿತ್ರ ಬರೆಯುವುದನ್ನೇ ನಿಲ್ಲಿಸಿರುತ್ತಿದ್ದರು. ಒಬ್ಬ ಯಾವುದೋ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು, ಇನ್ನೊಬ್ಬ ಜವಳಿಗೆ ಡಿಸೈನ್ ಹಾಕುವವ, ಮತ್ತೊಬ್ಬ ಜಾಹೀರಾತು ಕಂಪನಿಯಲ್ಲಿ. ಯಾವುದೂ ಕೆಟ್ಟ ಕೆಲಸವಲ್ಲ. ಆದರೆ ಸಂಜೆ ಮನೆಗೆ ಬರುವ ಹೊತ್ತಿಗೆ ಕುಂಚ ಹಿಡಿಯುವ ಕಸುವು ಉಳಿದಿರುತ್ತಿರಲಿಲ್ಲ. ಹಾಗಂತ ಕೆಲಸಕ್ಕೇ ಹೋಗದೆ ಚಿತ್ರ ಬರೆದೇ ಬದುಕುತ್ತೇನೆ ಅಂದರೆ, ಆಗಿನ ಮದರಾಸಿನಲ್ಲಿ ಆಧುನಿಕ ಚಿತ್ರವನ್ನು ದುಡ್ಡು ಕೊಟ್ಟು ಕೊಳ್ಳುವವರು ಬೆರಳೆಣಿಕೆಯಷ್ಟು.

ಸಂಬಳಕ್ಕೆ ಹೋದರೆ ಕಲೆ ಸಾಯುತ್ತದೆ, ಹೋಗದಿದ್ದರೆ ಹೊಟ್ಟೆ ಕೇಳುತ್ತದೆ. ಈ ಇಕ್ಕಟ್ಟಿಗೆ ಉತ್ತರವಾಗಿ 1966ರಲ್ಲಿ ಮದರಾಸಿನ ದಕ್ಷಿಣಕ್ಕೆ, ಮಹಾಬಲಿಪುರದ ದಾರಿಯಲ್ಲಿರುವ ಇಂಜಂಬಾಕ್ಕಂ ಎಂಬ ಕಡಲಂಚಿನ ಊರಲ್ಲಿ ಚೋಳಮಂಡಲ ಕಲಾವಿದರ ಹಳ್ಳಿ ಹುಟ್ಟಿತು. ಅರುವತ್ತು ವರ್ಷದ ಹತ್ತಿರ ಬಾಳಿದೆ, ಈಗಲೂ ಇದೆ. ಕಟ್ಟುಪಾಡಿನ ನೌಕರಿ ಬಿಟ್ಟು ಮನಸ್ಸಿಗೆ ಬಂದಂತೆ ಬದುಕಲು ಹೊರಟ ಎಷ್ಟೋ ಗುಂಪುಗಳು ಎರಡು ಮಳೆಗಾಲವನ್ನೂ ಕಾಣದೆ ಚದುರಿ ಹೋಗಿರುವಾಗ ಇದು ಹೇಗೆ ಉಳಿಯಿತು, ಯಾರನ್ನು ಉಳಿಸಲಾಗಲಿಲ್ಲ ಅನ್ನುವುದನ್ನು ಹತ್ತಿರದಿಂದ ನೋಡುವುದು ಈ ಬರಹದ ಕೆಲಸ.

ನನಗೆ ಈ ಪ್ರಕರಣದ ಮೇಲೆ ಆಸಕ್ತಿ ಹುಟ್ಟಲು ನನ್ನದೇ ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಕ್ಕಿ ಡಬ್ಬಿಯ ಕೆಳಗಿನ ನೋಟು

2013ರಲ್ಲಿ ನಾನು ಬೆಂಗಳೂರಿನ ಒಂದು ಜಾಹೀರಾತು ಸಂಸ್ಥೆಯ ಕೆಲಸ ಬಿಟ್ಟೆ. ಹನ್ನೊಂದು ವರ್ಷ ಮಾಡಿದ ಕೆಲಸ. ಕೈಯಲ್ಲಿ ನಾಲ್ಕು ಲಕ್ಷ ಚಿಲ್ಲರೆ ಉಳಿತಾಯವಿತ್ತು. ಒಬ್ಬಳೇ ಇದ್ದೆ, ಚಿತ್ರ ಬರೆಯಬೇಕೆಂಬ ಹಂಬಲ ಬಾಲ್ಯದಿಂದಲೂ ಇತ್ತು. ಮೊದಲ ಮೂರು ತಿಂಗಳು ಹಬ್ಬದಂತಿದ್ದವು. ಬೆಳಗ್ಗೆ ಎಚ್ಚರವಾದಾಗ ಎದ್ದೆ, ಮಧ್ಯಾಹ್ನ ಲಾಲ್‌ಬಾಗಿನಲ್ಲಿ ಕೂತು ಮರಗಳನ್ನು ಬರೆದೆ, ರಾತ್ರಿ ಎರಡರವರೆಗೆ ಗೆಳೆಯರೊಂದಿಗೆ ಮಾತು. ಸ್ವಾತಂತ್ರ್ಯ ಅಂದರೆ ಏನೆಂದು ಆ ಮೂರು ತಿಂಗಳಲ್ಲಿ ಮೈಗೆ ಗೊತ್ತಾಯಿತು. ಅದನ್ನು ಈಗಲೂ ಸುಳ್ಳು ಅನ್ನಲಾರೆ. ಇಂಥ ಬದುಕಿನ ಸೆಳೆತವನ್ನು ಬರೀ ಸೋಮಾರಿತನ ಅಂತ ತಳ್ಳಿಹಾಕುವವರು ಅದನ್ನು ಉಂಡಿಲ್ಲ ಅಷ್ಟೇ.

ಎಂಟನೇ ತಿಂಗಳ ಹೊತ್ತಿಗೆ ಬೆಳಗುಗಳು ಭಾರವಾಗತೊಡಗಿದವು. ಯಾರೂ ಕಾಯುತ್ತಿಲ್ಲ, ಯಾರಿಗೂ ಏನನ್ನೂ ಕೊಡಬೇಕಿಲ್ಲ. ಬಿಳಿ ಹಾಳೆಯ ಮುಂದೆ ಕೂತರೆ ಗಂಟೆಗಟ್ಟಲೆ ಕೂತೇ ಇರುತ್ತಿದ್ದೆ. ಹಣ ಕರಗುವುದಕ್ಕೆ ಮೊದಲೇ ದಿನದ ಆಕಾರ ಕರಗಿಹೋಗಿತ್ತು.

ಮೈಸೂರಿನಿಂದ ಅಕ್ಕ ತಿಂಗಳಿಗೊಮ್ಮೆ ಮಗನನ್ನು ಕರೆದುಕೊಂಡು ಬರುತ್ತಿದ್ದಳು. ಹುಳಿಪುಡಿ, ಚಟ್ನಿಪುಡಿ, ಒಂದು ಚೀಲ ತರಕಾರಿ. ಅವಳು ಹೋದ ಮೇಲೆ ಅಕ್ಕಿ ಡಬ್ಬಿ ಎತ್ತಿದರೆ ಕೆಳಗೆ ಮಡಿಸಿಟ್ಟ ಐನೂರರ ನೋಟುಗಳು. ಒಂದು ಸಲವೂ ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಮುಕ್ತಳಾಗಿದ್ದೇನೆ ಅಂದುಕೊಂಡಿದ್ದ ದಿನಗಳಲ್ಲಿ ನನ್ನ ಪಾಲಿನ ನೌಕರಿಯನ್ನು ಮೈಸೂರಿನ ಒಂದು ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಅವಳು ಮಾಡುತ್ತಿದ್ದಳು. ಹದಿನೇಳನೇ ತಿಂಗಳು ಮತ್ತೆ ಕೆಲಸ ಹುಡುಕಿದೆ.

ನಮ್ಮ ಕನ್ನಡದಲ್ಲಿ ಇಂಥ ಬದುಕಿನ ಮಾತು ಬಂದಾಗ ಮೊದಲು ನೆನಪಾಗುವುದು ಟಿ.ಪಿ. ಕೈಲಾಸಂ. ನ್ಯಾಯಾಧೀಶರ ಮಗ, ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸಕ್ಕಿದ್ದವರು. ಅದನ್ನು ಬಿಟ್ಟು ನಾಟಕ, ಮಾತು, ಸಿಗರೇಟು, ಗೆಳೆಯರು ಅಂತ ಬದುಕಿ 1946ರಲ್ಲಿ ತೀರಿಕೊಂಡರು. ಅವರ ಎಷ್ಟೋ ನಾಟಕಗಳು ನಮಗೆ ಸಿಕ್ಕಿರುವುದು ಅವರು ಬಾಯಲ್ಲಿ ಹೇಳಿದ್ದನ್ನು ಹತ್ತಿರದವರು ಕೂತು ಬರೆದುಕೊಂಡದ್ದರಿಂದ. ಅವರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಕಥೆಯನ್ನು ಹೇಳುವಾಗಲೆಲ್ಲ ನಾವು ಕೈಲಾಸಂ ಅವರನ್ನು ನೋಡುತ್ತೇವೆ, ಬರೆದುಕೊಂಡವರನ್ನು ನೋಡುವುದಿಲ್ಲ. ನನ್ನ ಅಕ್ಕಿ ಡಬ್ಬಿಯ ನೋಟುಗಳ ನಂತರ ನನ್ನ ಕಣ್ಣು ಆ ಕಡೆಗೇ ಹೋಗುತ್ತದೆ. ಒಬ್ಬರು ಕೈಬಿಟ್ಟ ಭಾರವನ್ನು ಯಾರೋ ಎತ್ತಿಕೊಂಡಿರುತ್ತಾರೆ. ಚೋಳಮಂಡಲದಲ್ಲಿ ಆ ಭಾರವನ್ನು ಯಾರು ಎತ್ತಿದರು?

ಸಂಬಳದ ಬೆಲೆ ತಿಳಿದಿದ್ದ ಮನುಷ್ಯ

ಪಣಿಕ್ಕರ್ ಹುಟ್ಟಿದ್ದು 1911ರಲ್ಲಿ, ಕೊಯಮತ್ತೂರಿನಲ್ಲಿ. ತಂದೆ ತೀರಿಕೊಂಡದ್ದರಿಂದ ಓದು ಬಿಟ್ಟು ಮನೆ ಸಾಗಿಸಬೇಕಾಯಿತು. ಟೆಲಿಗ್ರಾಫ್ ಇಲಾಖೆಯಲ್ಲಿ ದುಡಿದರು, ವಿಮೆ ಏಜೆಂಟರಾಗಿ ಅಲೆದರು. ಕಲಾಶಾಲೆಗೆ ಸೇರಿದ್ದು 1936ರಲ್ಲಿ, ಇಪ್ಪತ್ತೈದರ ವಯಸ್ಸಿಗೆ. ಆಗ ಅಲ್ಲಿ ದೇವಿಪ್ರಸಾದ್ ರಾಯ್ ಚೌಧುರಿ ಮುಖ್ಯಸ್ಥರು. 1944ರಲ್ಲಿ ಮದರಾಸಿನಲ್ಲಿ ಪ್ರೋಗ್ರೆಸ್ಸಿವ್ ಪೇಂಟರ್ಸ್ ಅಸೋಸಿಯೇಷನ್ ಕಟ್ಟಿದವರೂ ಪಣಿಕ್ಕರ್ ಅವರೇ.

ಈ ಹಿನ್ನೆಲೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹೊಟ್ಟೆಪಾಡಿನ ಚಿಂತೆ ತಿಳಿಯದವರು ಕಟ್ಟುವ ಸ್ವತಂತ್ರ ಬದುಕು ಬೇರೆ ಥರ ಇರುತ್ತದೆ. ಅಲ್ಲಿ ಹಣದ ಮಾತೆತ್ತುವುದೇ ಕೀಳು. ಪಣಿಕ್ಕರ್ ಹಣದ ಮಾತಿನಿಂದಲೇ ಶುರು ಮಾಡಿದರು. ಹಳ್ಳಿಗೆ ನೆಲ ಕೊಳ್ಳುವ ಮೊದಲೇ ಶಿಷ್ಯರನ್ನೂ ಜೊತೆಗಾರರನ್ನೂ ಸೇರಿಸಿ ಆರ್ಟಿಸ್ಟ್ಸ್ ಹ್ಯಾಂಡಿಕ್ರಾಫ್ಟ್ಸ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿಸಿದರು. ಮೇಣ ಹಚ್ಚಿದ ಕಡೆ ಬಣ್ಣ ಹಿಡಿಯದಂತೆ ಮಾಡಿ ಚಿತ್ತಾರ ಮೂಡಿಸುವ ಬಾಟಿಕ್ ಬಟ್ಟೆ, ತಟ್ಟಿದ ಲೋಹದ ತಟ್ಟೆಗಳು, ಚರ್ಮದ ಕೆಲಸ, ಮಣ್ಣಿನ ಸಾಮಾನು ಮಾಡಿ ಮಾರುವ ಸಂಘ. ಚಿತ್ರ ಕೊಳ್ಳದ ಮದರಾಸು ಬಾಟಿಕ್ ಕೊಂಡಿತು. ಪ್ರದರ್ಶನಕ್ಕಿಟ್ಟ ಬಟ್ಟೆ ಖರ್ಚಾಯಿತು. ಆ ಹಣದಿಂದ ಇಂಜಂಬಾಕ್ಕಂನಲ್ಲಿ ಎಂಟು-ಹತ್ತು ಎಕರೆ ಮರಳು ನೆಲ ಬಂತು.

ಸರ್ಕಾರ ಕೊಟ್ಟ ನೆಲವಲ್ಲ, ಶ್ರೀಮಂತರ ದಾನವಲ್ಲ. ಬಟ್ಟೆಗೆ ಬಣ್ಣ ಹಾಕಿ ಸಂಪಾದಿಸಿದ ನೆಲ. ಎರಡು ವರ್ಷದ ನಂತರ ಅದೇ ಕರಾವಳಿಯಲ್ಲಿ ಇನ್ನಷ್ಟು ದಕ್ಷಿಣಕ್ಕೆ ಪುದುಚೇರಿಯ ಬಳಿ ಆರೋವಿಲ್ ಶುರುವಾಯಿತು. ಅದು ಅರವಿಂದಾಶ್ರಮದ ಬೆನ್ನಿನ ಮೇಲೆ ಎದ್ದ, ಲೋಕಕ್ಕೆಲ್ಲ ಕರೆ ಕೊಟ್ಟ ಪ್ರಯೋಗ. ಚೋಳಮಂಡಲದ ಆಸೆ ಅದಕ್ಕಿಂತ ಎಷ್ಟೋ ಚಿಕ್ಕದು. ಮೂವತ್ತು-ನಲವತ್ತು ಜನ ನೌಕರಿಗೆ ಹೋಗದೆ ಚಿತ್ರ ಬರೆಯುತ್ತ, ಶಿಲ್ಪ ಕಡೆಯುತ್ತ ಬದುಕಬೇಕು, ಅಷ್ಟೇ.

ಬಾಟಿಕ್ ಅಂದರೆ ಎಂಥ ಕೆಲಸ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಾಟಿಕ್ ಮಾಡದವರಿಗೆ ಈ ಪ್ರಕರಣದ ಮರ್ಮ ತಿಳಿಯುವುದು ಕಷ್ಟ.

ಜಾವಾದ ಈ ಕಲೆ ರವೀಂದ್ರನಾಥ ಠಾಕೂರರು 1927ರಲ್ಲಿ ಅಲ್ಲಿಗೆ ಹೋಗಿ ಬಂದ ಮೇಲೆ ಶಾಂತಿನಿಕೇತನದಲ್ಲಿ ಬೇರೂರಿತು. ಮಾಡುವ ರೀತಿ ಹೀಗೆ. ಹೊಸ ಹತ್ತಿಬಟ್ಟೆಯನ್ನು ಕುದಿಸಿ ಗಂಜಿ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಕಚ್ಚುವುದಿಲ್ಲ. ಪ್ಯಾರಾಫಿನ್ ಮತ್ತು ಜೇನುಮೇಣ ಎರಡನ್ನೂ ಸೇರಿಸಿ ಸಣ್ಣ ಉರಿಯಲ್ಲಿ ಕರಗಿಸಬೇಕು. ಬರೀ ಪ್ಯಾರಾಫಿನ್ ಹಾಕಿದರೆ ಬಟ್ಟೆ ಮಡಿಸಿದಾಗ ಹಪ್ಪಳದಂತೆ ಒಡೆಯುತ್ತದೆ, ಬರೀ ಜೇನುಮೇಣವಾದರೆ ಒಡೆಯುವುದೇ ಇಲ್ಲ. ಆ ಒಡಕಿನಲ್ಲಿ ಬಣ್ಣ ಇಳಿದು ನರನರವಾಗಿ ಗೆರೆ ಮೂಡುವುದೇ ಬಾಟಿಕ್ಕಿನ ಚೆಲುವು. ಹಾಗಾಗಿ ಎರಡರ ಅಳತೆ ಕೈಗೆ ಗೊತ್ತಿರಬೇಕು. ಮೇಣ ತಣ್ಣಗಾದರೆ ಬಟ್ಟೆಯ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ಬಿಸಿ ಹೆಚ್ಚಾದರೆ ಹೊಗೆ ಎದ್ದು ಕಣ್ಣು ಉರಿಯುತ್ತದೆ, ಗೆರೆ ಹರಡಿಹೋಗುತ್ತದೆ. ಕುಂಚ ಅದ್ದಿ ಬಟ್ಟೆಗೆ ತರುವ ಎರಡು ಕ್ಷಣದೊಳಗೆ ಗೆರೆ ಎಳೆದಾಗಿರಬೇಕು. ಎಳೆದದ್ದನ್ನು ಅಳಿಸುವಂತಿಲ್ಲ.

ಆಮೇಲೆ ತಣ್ಣೀರಿನ ಬಣ್ಣದಲ್ಲಿ ಅದ್ದುವುದು. ಬಿಸಿನೀರಾದರೆ ಮೇಣ ಕರಗುತ್ತದೆ. ಮೊದಲು ತಿಳಿಬಣ್ಣ, ಒಣಗಿಸಿ, ಆ ತಿಳಿಬಣ್ಣ ಎಲ್ಲಿ ಉಳಿಯಬೇಕೋ ಅಲ್ಲಿ ಮತ್ತೆ ಮೇಣ, ಮತ್ತೆ ಗಾಢಬಣ್ಣ. ಕೊನೆಗೆ ದೊಡ್ಡ ಪಾತ್ರೆಯಲ್ಲಿ ಕುದಿಸಿದರೆ ಮೇಣವೆಲ್ಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಆರಿದ ಮೇಲೆ ಕೆನೆಗಟ್ಟಿದ ಹಾಗೆ ಗಟ್ಟಿಯಾಗುತ್ತದೆ. ಅದನ್ನು ಎತ್ತಿಟ್ಟುಕೊಂಡರೆ ಮುಂದಿನ ಬಟ್ಟೆಗೆ ಬರುತ್ತದೆ.

ಇದು ಒಬ್ಬರೇ ಮಾಡುವ ಕೆಲಸವಲ್ಲ. ಒಬ್ಬರು ಒಲೆ ನೋಡಬೇಕು, ಒಬ್ಬರು ಗೆರೆ ಎಳೆಯಬೇಕು, ಒಬ್ಬರು ಬಣ್ಣದ ತೊಟ್ಟಿಯ ಹತ್ತಿರ ನಿಲ್ಲಬೇಕು. ಮೇಣ ಬಿಸಿಯಾದಾಗ ಬರದಿದ್ದರೆ ಅದು ನಮಗಾಗಿ ಕಾಯುವುದಿಲ್ಲ. ಬೆಳಗ್ಗೆ ಎಲ್ಲರೂ ಎದ್ದು ಒಂದು ಕಡೆ ಸೇರಬೇಕು. ನನ್ನ ಹದಿನೇಳು ತಿಂಗಳಲ್ಲಿ ನನಗೆ ಇಲ್ಲದೇ ಹೋದದ್ದು ಇದೇ: ಕೈಗೊಂದು ಕೆಲಸ, ಅದಕ್ಕೊಂದು ಹೊತ್ತು, ಪಕ್ಕದಲ್ಲಿ ನಾನು ಬರಲಿಲ್ಲವೆಂದು ಗಮನಿಸುವ ಇನ್ನೊಬ್ಬರು.

ದಿನದ ಒಂದಿಷ್ಟು ಹೊತ್ತು ಕರಕುಶಲ, ಉಳಿದ ಹೊತ್ತು ತಮ್ಮ ತಮ್ಮ ಚಿತ್ರ ಅಥವಾ ಶಿಲ್ಪ. ಮಾರಾಟದಲ್ಲಿ ಒಂದು ಪಾಲು ಸಂಘಕ್ಕೆ. ಚೋಳಮಂಡಲದ ಒಪ್ಪಂದ ಇಷ್ಟೇ ಸರಳವಾಗಿತ್ತು. ಅಲ್ಲಿಗೆ ಹೋದವರು ಚಾಕರಿ ಬಿಟ್ಟರು, ದುಡಿಮೆ ಬಿಡಲಿಲ್ಲ. ಮಾಲೀಕನಿಲ್ಲದ, ಆದರೆ ಗಂಟೆಯುಳ್ಳ ದಿನವನ್ನು ಕಟ್ಟಿಕೊಂಡರು. ಭಾರ ಎತ್ತಿದವರು ಯಾರು ಅನ್ನುವ ನನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ.

ಮರಳಿನಲ್ಲಿ ಬೆಳೆದದ್ದು

ಶುರುವಿನ ವರ್ಷಗಳಲ್ಲಿ ವಿದ್ಯುತ್ ಇರಲಿಲ್ಲ. ಗರಿ ಹೊದಿಸಿದ ಗುಡಿಸಲು, ಸುತ್ತ ಸರ್ವೆ ಮರ, ಆಚೆ ಮೀನುಗಾರರ ಕೇರಿ, ಕಡಲು. ಪಣಿಕ್ಕರ್ 1967ರಲ್ಲಿ ನಿವೃತ್ತರಾದ ಮೇಲೆ ತಾವೂ ಅಲ್ಲಿಗೇ ಹೋಗಿ, 1977ರಲ್ಲಿ ತೀರಿಕೊಳ್ಳುವ ತನಕ ಇದ್ದರು. ಮಲಯಾಳಂ ಅಕ್ಷರ, ಜಾತಕದ ಕುಂಡಲಿ, ಗಣಿತದ ಚಿಹ್ನೆಗಳನ್ನು ಹೋಲುವ ಗುರುತುಗಳನ್ನೆಲ್ಲ ಚಿತ್ರದೊಳಗೆ ತುಂಬಿದ ಅವರ ‘ಪದಗಳು ಮತ್ತು ಸಂಕೇತಗಳು’ ಸರಣಿ ಹಳ್ಳಿಗೆ ಮೊದಲೇ ಶುರುವಾಗಿ ಈ ವರ್ಷಗಳಲ್ಲೂ ಮುಂದುವರಿಯಿತು.

ಕರಕುಶಲದ ಕೆಲಸ ಬರೀ ಅನ್ನಕ್ಕಾಗಿ ಉಳಿಯಲಿಲ್ಲ ಅನ್ನುವುದು ಈ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ತಾಮ್ರ, ಹಿತ್ತಾಳೆಯ ತಗಡು ತಟ್ಟಿ ತಟ್ಟೆ ಮಾಡಲು ಕಲಿತ ಕೈಗಳೇ ಮುಂದೆ ಲೋಹಶಿಲ್ಪಕ್ಕೆ ಇಳಿದವು. ಪಣಿಕ್ಕರ್ ಅವರ ಮಗ ಎಸ್. ನಂದಗೋಪಾಲ್ ಬೆಸುಗೆ ಹಾಕಿದ ತಾಮ್ರ-ಹಿತ್ತಾಳೆಯ ಶಿಲ್ಪಗಳಿಂದ ಹೆಸರಾದರು. ಎದುರಿನಿಂದ ನೋಡಬೇಕಾದ, ದೇವಸ್ಥಾನದ ಪ್ರಭಾವಳಿ ನೆನಪಿಸುವ ಶಿಲ್ಪಗಳವು. ಬಾಟಿಕ್ಕಿನಲ್ಲಿ ಅಳಿಸಲಾಗದ ಗೆರೆ ಎಳೆದೆಳೆದು ಬಂದ ಧೈರ್ಯ ಆ ಗುಂಪಿನ ರೇಖಾಚಿತ್ರಗಳಲ್ಲಿ ಕಾಣುತ್ತದೆ ಅಂತ ನನ್ನ ಅನಿಸಿಕೆ. ಹೊಟ್ಟೆಪಾಡಿನ ಕೆಲಸ ಕಲೆಯನ್ನು ಕೊಲ್ಲುತ್ತದೆ ಅನ್ನುವ ನಂಬಿಕೆಯನ್ನು ನಾನೂ ಹೊತ್ತುಕೊಂಡೇ ರಾಜೀನಾಮೆ ಬರೆದಿದ್ದೆ. ಕೊಲ್ಲುವ ಹೊಟ್ಟೆಪಾಡೂ ಇದೆ, ಕೈ ಪಳಗಿಸುವ ಹೊಟ್ಟೆಪಾಡೂ ಇದೆ. ಆ ವ್ಯತ್ಯಾಸ ನನಗೆ ಆಗ ಗೊತ್ತಿರಲಿಲ್ಲ.

ಕನ್ನಡಿಗರಿಗೆ ಈ ಹಳ್ಳಿಯೊಡನೆ ನೇರ ನಂಟಿದೆ. ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಮದರಾಸಿನ ಕಲಾಶಾಲೆಯಲ್ಲಿ ಓದಿ ಚೋಳಮಂಡಲದ ಸ್ಥಾಪಕ ಸದಸ್ಯರಲ್ಲಿ ಒಬ್ಬರಾದರು. ತಾಮ್ರದ ಉಬ್ಬುಶಿಲ್ಪ ಮಾಡಿದರು, ವೃಕ್ಷದ ಚಿತ್ರಗಳನ್ನು ವರ್ಷಗಟ್ಟಲೆ ಬರೆದರು. ಅದೇ ಮದರಾಸಿನಲ್ಲಿ ಆಗ ಗಿರೀಶ ಕಾರ್ನಾಡರು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೆಲಸದಲ್ಲಿದ್ದರು. 1970ರಲ್ಲಿ ಅವರೂ ಆ ಕೆಲಸ ಬಿಟ್ಟರು. ಅದೇ ವರ್ಷ ‘ಸಂಸ್ಕಾರ’ ಚಿತ್ರ ಬಂದಾಗ ಅದಕ್ಕೆ ಕಲಾನಿರ್ದೇಶನ ಮಾಡಿದ್ದು ವಾಸುದೇವ್, ಮುಖ್ಯ ಪಾತ್ರ ಕಾರ್ನಾಡರದ್ದು. ಕನ್ನಡ ಹೊಸ ಅಲೆಯ ಸಿನಿಮಾದ ಬೇರಿನ ಒಂದು ಎಳೆ ಇಂಜಂಬಾಕ್ಕಂನ ಮರಳಿನಲ್ಲಿತ್ತು ಎಂದರೆ ಅತಿಶಯವಲ್ಲ.

ಹ್ಯಾಟು ಹಾಕಿದ ಮನುಷ್ಯ

ಈಗ ಕಷ್ಟದ ಭಾಗ.

ಕೆ. ರಾಮಾನುಜಂ 1940ರ ಸುಮಾರಿಗೆ ಹುಟ್ಟಿದವರು. ಚಿಕ್ಕಂದಿನಿಂದಲೂ ಮನಸ್ಸಿನ ಕಾಯಿಲೆಯ ನೆರಳಿನಲ್ಲಿ ಬೆಳೆದವರು, ಮಾತು ಸುಲಭವಾಗಿ ಬರುತ್ತಿರಲಿಲ್ಲ. ಬೇರೆ ಕಡೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಆ ಹುಡುಗನ ಕೈಯಲ್ಲಿ ಏನಿದೆ ಎಂದು ಪಣಿಕ್ಕರ್ ಕಂಡರು. ಕಲಾಶಾಲೆಯಲ್ಲಿ ಜಾಗ ಸಿಕ್ಕಿತು, ಆಮೇಲೆ ಚೋಳಮಂಡಲದಲ್ಲಿ. ಕಪ್ಪು ಶಾಯಿಯಲ್ಲಿ ಅವರು ಬರೆದ ನಗರಗಳನ್ನು ನೋಡಬೇಕು. ಗೋಪುರದ ಮೇಲೆ ಗೋಪುರ, ಕಮಾನು, ಮೆಟ್ಟಿಲು, ಹಾವು, ಹಕ್ಕಿ, ಅಪ್ಸರೆಯರು, ಒಂದಿಂಚೂ ಖಾಲಿ ಬಿಡದ ಗೆರೆಗಳ ಹೆಣಿಗೆ. ಆ ಅರಮನೆಗಳ ನಡುವೆ ಹಲವು ಕಡೆ ಹ್ಯಾಟು ಹಾಕಿದ ಒಬ್ಬ ಮನುಷ್ಯ ಸಿಗುತ್ತಾನೆ. ಅದು ಅವರೇ. ಚಿತ್ರದೊಳಗೆ ಅವರು ರಾಜ.

1973ರಲ್ಲಿ, ಮೂವತ್ತೆರಡು-ಮೂವತ್ತಮೂರರ ವಯಸ್ಸಿನಲ್ಲಿ ರಾಮಾನುಜಂ ತಮ್ಮ ಜೀವ ತಾವೇ ಕಳೆದುಕೊಂಡರು.

ಈ ಸಾವನ್ನು ‘ಕಲಾವಿದರ ಹುಚ್ಚು’ ಎಂಬ ಹಳೆಯ ಗಾದಿಯ ಮೇಲೆ ಮಲಗಿಸಿ ಚಂದ ಮಾಡುವುದನ್ನು ನಾನು ಒಪ್ಪುವುದಿಲ್ಲ. ಕಾಯಿಲೆ ಕಾಯಿಲೆಯೇ. ಚೋಳಮಂಡಲ ಅವರಿಗೆ ಸೂರು, ಕೆಲಸ, ಗೌರವ ಕೊಟ್ಟಿತು. ಬೇರೆಲ್ಲೂ ಸಿಗದಿದ್ದ ಅಷ್ಟು ವರ್ಷಗಳ ಚಿತ್ರಗಳು ಅದರಿಂದ ನಮಗೆ ಸಿಕ್ಕವು. ಆದರೆ ಮನೋವೈದ್ಯರ ಜಾಗವನ್ನು ಗೆಳೆಯರು ತುಂಬಲಾಗುವುದಿಲ್ಲ. ಕಟ್ಟುಪಾಡು ಬಿಟ್ಟು ಬಂದವರ ಗುಂಪಿನಲ್ಲಿ ಎಲ್ಲರ ವಿಚಿತ್ರವನ್ನೂ ಸಹಿಸಿಕೊಳ್ಳುವ ದೊಡ್ಡ ಗುಣ ಇರುತ್ತದೆ. ಅದೇ ಗುಣ ಕೆಲವು ಸಲ ಕಣ್ಣಿಗೆ ಪರದೆಯಾಗುತ್ತದೆ. ಯಾರೋ ನಾಲ್ಕು ದಿನ ಬಾಗಿಲು ತೆರೆಯದಿದ್ದರೆ ‘ಅವರ ಪಾಡಿಗೆ ಅವರು ಇರಲಿ’ ಅಂದುಬಿಡುತ್ತೇವೆ. ಆಫೀಸಿನಲ್ಲಾದರೆ ಮೂರನೇ ದಿನ ಯಾರೋ ಫೋನ್ ಮಾಡುತ್ತಾರೆ, ಪ್ರೀತಿಯಿಂದಲ್ಲದಿದ್ದರೂ ಹಾಜರಿಗಾಗಿ. ಇದನ್ನು ನಾನು ಇಂಜಂಬಾಕ್ಕಂನಲ್ಲಿ ನಡೆದದ್ದು ಎಂದು ಹೇಳುತ್ತಿಲ್ಲ. ಬೆಂಗಳೂರಿನ ನನ್ನ ಗೆಳೆಯರ ಬಳಗದಲ್ಲಿ, ನನ್ನದೇ ಬಾಗಿಲಿಗೆ ಆದದ್ದನ್ನು ಹೇಳುತ್ತಿದ್ದೇನೆ.

ಹೋದವರು, ಹೆಸರಿಲ್ಲದವರು, ರಸ್ತೆ

ಎಲ್ಲರೂ ಅಲ್ಲೇ ಉಳಿಯಲಿಲ್ಲ. ವಿಶ್ವನಾಥನ್ ಮತ್ತು ಅಕ್ಕಿತ್ತಂ ನಾರಾಯಣನ್ ಅರವತ್ತರ ದಶಕದ ಕೊನೆಗೇ ಪ್ಯಾರಿಸ್ಸಿಗೆ ಹೋಗಿ ನೆಲೆಸಿದರು. ವಾಸುದೇವ್ ಅವರ ಹೆಂಡತಿ, ಸ್ವತಃ ಒಳ್ಳೆಯ ಕಲಾವಿದೆಯಾಗಿದ್ದ ಅರ್ನವಾಜ್, 1988ರಲ್ಲಿ ತೀರಿಕೊಂಡರು. ಆ ಬಳಿಕ ವಾಸುದೇವ್ ಬೆಂಗಳೂರಿಗೆ ಬಂದರು. ಹೋಗಲು ಬಿಡುವ ಊರಾಗಿದ್ದದ್ದು ಚೋಳಮಂಡಲ ಉಳಿಯಲು ಒಂದು ಕಾರಣವಿರಬಹುದು. ಸೇರುವಾಗ ಜೀವಮಾನದ ಪ್ರತಿಜ್ಞೆ ಮಾಡಿಸುವ ಗುಂಪುಗಳಲ್ಲಿ ಬಿಟ್ಟು ಹೋಗುವವರು ದ್ರೋಹಿಗಳಾಗುತ್ತಾರೆ.

ಇನ್ನು ನಾನು ಬಾಕಿ ಇಟ್ಟಿದ್ದ ಉಳಿದರ್ಧ. ಮೊದಲ ತಲೆಮಾರಿನ ಕಲಾವಿದರ ಪಟ್ಟಿ ತೆಗೆದರೆ ಹೆಣ್ಣು ಹೆಸರುಗಳು ಬಹಳ ಕಡಿಮೆ. ಅರ್ನವಾಜ್, ಶಿಲ್ಪಿ ಅನಿಲಾ ಜೇಕಬ್, ಹೀಗೆ ಬೆರಳು ಮಡಿಸುವಷ್ಟರಲ್ಲಿ ಮುಗಿಯುತ್ತದೆ. ಕರೆಂಟಿಲ್ಲದ ಗುಡಿಸಲಿನಲ್ಲಿ ಒಲೆ ಹಚ್ಚಿದವರು, ಉಪ್ಪುಗಾಳಿಯಲ್ಲಿ ಮಕ್ಕಳ ಬಟ್ಟೆ ಒಣಗಿಸಿದವರು, ಬಾಟಿಕ್ ಮಾರಾಟವಾಗದ ತಿಂಗಳು ಅಂಗಡಿಯವನ ಹತ್ತಿರ ಸಾಲ ಹೇಳಿದವರು ಅಂತ ಯಾರಾದರೂ ಇದ್ದೇ ಇರಬೇಕಲ್ಲ. ಮೇಣದ ಒಲೆಯ ಕಥೆ ಪ್ರದರ್ಶನದ ಕೈಪಿಡಿಗಳಲ್ಲಿ ಸಿಗುತ್ತದೆ, ಅನ್ನದ ಒಲೆಯದ್ದು ಸಿಗುವುದಿಲ್ಲ. ನನ್ನ ಅಕ್ಕನಂಥವರು ಅಲ್ಲೂ ಇದ್ದರು ಅಂತ ನಾನು ನಂಬುತ್ತೇನೆ. ಅವರನ್ನು ಬಿಟ್ಟು ಈ ಪ್ರಕರಣವನ್ನು ಯಶಸ್ಸಿನ ಕಥೆ ಅಂತ ಬರೆಯಲು ನನ್ನ ಕೈ ಏಳುವುದಿಲ್ಲ.

ಮೂರನೆಯದು ನೆಲ. ಸ್ವಂತ ನೆಲವಿಲ್ಲದಿದ್ದರೆ ಚೋಳಮಂಡಲ ಐದು ವರ್ಷ ಬಾಳುತ್ತಿರಲಿಲ್ಲ. ಬಾಡಿಗೆ ಇಲ್ಲದ್ದರಿಂದಲೇ ಕೆಟ್ಟ ತಿಂಗಳುಗಳನ್ನು ದಾಟಲು ಸಾಧ್ಯವಾಯಿತು. ಆದರೆ ಅಂದು ಯಾರಿಗೂ ಬೇಡವಾಗಿದ್ದ ಆ ಮರಳಿನ ಪಕ್ಕದಲ್ಲಿ ಇಂದು ಈಸ್ಟ್ ಕೋಸ್ಟ್ ರೋಡ್ ಹರಿಯುತ್ತದೆ. ಮೂರು ವರ್ಷದ ಹಿಂದೆ ನಾನು ಅಲ್ಲಿಗೆ ಹೋದಾಗ ಬಸ್ಸಿಳಿದು ರಸ್ತೆ ದಾಟಲು ಹತ್ತು ನಿಮಿಷ ಬೇಕಾಯಿತು. ಎರಡೂ ಕಡೆ ಕಾರು ಶೋರೂಮು, ಹೋಟೆಲು, ಅಪಾರ್ಟ್‌ಮೆಂಟು. ಗೇಟಿನ ಒಳಗೆ ಹೋದರೆ ಮರದ ಕೆಳಗೆ ಕಲ್ಲಿನ ಶಿಲ್ಪಗಳು, ಕಾಲಡಿಯಲ್ಲಿ ಅದೇ ಮರಳು, ನಡುಹಗಲಲ್ಲೂ ತಂಪು. ಈ ಕಾಲದಲ್ಲಿ ಬಾಟಿಕ್ ದುಪಟ್ಟ ಮಾರಿ ಆ ರಸ್ತೆಯ ಮೇಲೆ ಒಂದು ಸೈಟಿನ ಮೂಲೆಯನ್ನೂ ಕೊಳ್ಳಲಾಗದು. ಹಾಗಾಗಿ ‘ಅವರು ಮಾಡಿದರು, ನಾವೂ ಮಾಡೋಣ’ ಅನ್ನುವವರಿಗೆ ಈ ಲೆಕ್ಕವನ್ನು ಮೊದಲು ತೋರಿಸಬೇಕು. ಚೋಳಮಂಡಲ ಒಂದು ವಿಶೇಷ ಕಾಲದ, ಅಗ್ಗದ ನೆಲದ ಮಗು.

2009ರಲ್ಲಿ ಅಲ್ಲಿ ಸಮಕಾಲೀನ ಕಲಾಕೇಂದ್ರ ತೆರೆಯಿತು. ಅದರೊಳಗಿನ ಸಂಗ್ರಹಾಲಯದಲ್ಲಿ ಮದರಾಸು ಕಲಾಚಳವಳಿಯ ಕೆಲಸಗಳನ್ನು ಇಟ್ಟಿದ್ದಾರೆ. ಮೊದಲ ತಲೆಮಾರಿನ ಹಲವರು ಈಗಿಲ್ಲ. ನಂದಗೋಪಾಲ್ 2017ರಲ್ಲಿ ತೀರಿಕೊಂಡರು. ಮಕ್ಕಳೆಲ್ಲ ಕಲಾವಿದರಾಗಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಕಲಾವಿದರೇ ಇಲ್ಲದೆ ಹೋದರೆ ಕಲಾವಿದರ ಹಳ್ಳಿ ಏನಾಗುತ್ತದೆ ಅನ್ನುವ ಪ್ರಶ್ನೆಗೆ ಪಣಿಕ್ಕರ್ ಅವರ ಒಪ್ಪಂದದಲ್ಲಿ ಉತ್ತರವಿಲ್ಲ.

ಚಿಕ್ಕಮ್ಮ, ನಾನು ಕೆಲಸ ಬಿಡ್ಲಾ?

ಅಕ್ಕನ ಮಗನಿಗೆ ಈಗ ಇಪ್ಪತ್ತಾರು. ಅಂದು ತರಕಾರಿ ಚೀಲ ಹೊತ್ತು ನನ್ನ ಮೆಟ್ಟಿಲು ಹತ್ತುತ್ತಿದ್ದ ಹುಡುಗ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, “ಚಿಕ್ಕಮ್ಮ, ನಾನು ಕೆಲಸ ಬಿಡ್ಲಾ?” ಅಂದ. ಗೋಕರ್ಣದಲ್ಲಿ ಒಂದು ಮನೆ ನೋಡಿದ್ದಾನಂತೆ. ಗಿಟಾರ್ ನುಡಿಸುತ್ತಾನೆ, ಚೆನ್ನಾಗಿಯೇ ನುಡಿಸುತ್ತಾನೆ. ಉಳಿತಾಯ ಒಂದೂವರೆ ವರ್ಷಕ್ಕೆ ಸಾಕು ಅಂದ. ಆ ಲೆಕ್ಕ ಕೇಳಿ ನನಗೆ ಹೊಟ್ಟೆಯಲ್ಲಿ ಏನೋ ಕಲಕಿದಂತಾಯಿತು.

“ಬೇಡ ಕಣೋ” ಅನ್ನಲು ಬಾಯಿ ಬರಲಿಲ್ಲ. ಆ ಮೂರು ತಿಂಗಳ ಬೆಳಕು ನನಗೆ ಇನ್ನೂ ನೆನಪಿದೆ. “ಬಿಡು” ಅನ್ನಲೂ ಆಗಲಿಲ್ಲ.

“ಅಲ್ಲಿ ಬೆಳಗ್ಗೆ ಎದ್ದು ಏನು ಮಾಡ್ತೀಯ?” ಅಂತ ಕೇಳಿದೆ.

“ನುಡಿಸ್ತೀನಿ.”

“ನುಡಿಸೋಕೆ ಆಗದ ದಿನ?”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅದನ್ನ ಯೋಚನೆ ಮಾಡಿಲ್ಲ” ಅಂದ.

“ನೀನು ಎರಡು ದಿನ ಹೊರಗೆ ಬರದೇ ಇದ್ದರೆ ಯಾರು ಬಂದು ಬಾಗಿಲು ತಟ್ತಾರೆ?”

ಅದಕ್ಕೆ ಅವನು ಉತ್ತರ ಕೊಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಗೋಕರ್ಣದ ದೋಷ ಏನೂ ಇಲ್ಲ. ಅಲ್ಲೇ ಹೋಟೆಲ್ಲಿನಲ್ಲೋ ಶಾಲೆಯಲ್ಲೋ ಅರ್ಧ ದಿನದ ಕೆಲಸ ಹಿಡಿದು, ಜೊತೆಗೆ ನುಡಿಸುವ ಇಬ್ಬರನ್ನು ಹುಡುಕಿಕೊಂಡರೆ ಅವನು ನನಗಿಂತ ಚೆನ್ನಾಗಿ ಬಾಳಬಹುದು. ಒಬ್ಬನೇ ಹೋಗಿ, ಉಳಿತಾಯ ಮುಗಿಯುವ ತಾರೀಖು ಎಣಿಸುತ್ತ ಕೂರುವುದಾದರೆ ಮಾತ್ರ ನನಗೆ ಭಯ.

ನಾನೀಗ ಜಾಹೀರಾತಿನ ಕೆಲಸವನ್ನು ವಾರಕ್ಕೆ ಮೂರು ದಿನ ಮಾಡುತ್ತೇನೆ. ಉಳಿದ ದಿನ ಬಸವನಗುಡಿಯ ಹತ್ತಿರ ಒಂದು ಹಳೆಯ ಮನೆಯ ಹಿಂದಿನ ಕೋಣೆಯಲ್ಲಿ ನಾವು ನಾಲ್ಕು ಹೆಂಗಸರು ಸೇರುತ್ತೇವೆ. ಬಾಡಿಗೆ ಹಂಚಿಕೊಂಡಿದ್ದೇವೆ. ಬೆಳಗ್ಗೆ ಒಂಬತ್ತಕ್ಕೆ ಮೇಣದ ಒಲೆ ಹಚ್ಚುತ್ತೇವೆ, ಒಂದು ಗಂಟೆಗೆ ಆರಿಸುತ್ತೇವೆ. ಆಮೇಲೆ ಅವರವರ ಚಿತ್ರ ಅವರವರಿಗೆ. ಬಾಟಿಕ್‌ನಿಂದ ಬಾಡಿಗೆ ಮತ್ತು ಬಣ್ಣದ ಖರ್ಚು ಹುಟ್ಟುತ್ತದೆ, ಅದಕ್ಕಿಂತ ಹೆಚ್ಚಲ್ಲ.

ಶನಿವಾರ ಬಾ ಅಂದಿದ್ದೇನೆ ಅವನಿಗೆ. ಆರು ಮೀಟರ್ ಬಟ್ಟೆಯ ಗಂಜಿ ತೆಗೆದು ಒಣಹಾಕಿದ್ದೇನೆ. ಹೋದ ವಾರ ಕುದಿಸಿದ ಪಾತ್ರೆಯಿಂದ ಎತ್ತಿಟ್ಟ ಮೇಣ ಒಂದು ಕೆ.ಜಿ.ಯಷ್ಟಿದೆ, ಸೋಸಿಟ್ಟಿದ್ದೇನೆ. ಅಕ್ಕನಿಗೂ ಬರಲು ಹೇಳಿದ್ದೇನೆ. ಅವಳು ಈ ವರ್ಷ ಬ್ಯಾಂಕಿನಿಂದ ನಿವೃತ್ತಳಾದಳು, ಇದುವರೆಗೆ ಒಂದು ಸಲವೂ ಕುಂಚ ಹಿಡಿದಿಲ್ಲ.